ಹೆಸರು ಕೂಗಿ ಕರೆದರೆ ಯಾವ ಹುಡುಗ ಹೋಗ್ತಾನೆ?

ಮುಂಬೈ ಹತ್ತಿರದ ಡೊಂಬಿವಲಿಯ ತಾಯಿಯೊಬ್ಬರು ಮೂರು ಪುಟದ ಪತ್ರ ಬರೆದಿದ್ದಾರೆ. ಒಂಬತ್ತನೇ ಕ್ಲಾಸಿನ ಮಗನಿಗೆ ಬೆಳಗಾದರೆ ಹೊಟ್ಟೆನೋವು, ಭಾನುವಾರ ಮಾತ್ರ ಇರುವುದಿಲ್ಲ. ಡಾಕ್ಟರು ಏನೂ ಇಲ್ಲ ಅಂದರು. ಶಾಲೆಯಲ್ಲಿ ಕೌನ್ಸೆಲರ್ ಇದ್ದಾರೆ, ಎರಡು ಸಲ ಹೋಗಿ ಬಂದ, ಈಗ ಸತ್ತರೂ ಹೋಗಲ್ಲ ಅಂತಾನೆ. ಹುಬ್ಬಳ್ಳಿಯ ಸೋದರಮಾವ 'ಎಲ್ಲಾ ನಾಟಕ, ಎರಡು ಬಾರಿಸು' ಅಂತಾರೆ. ಶಾಲೆ ಬದಲಿಸಲಾ ಅನ್ನೋದು ಪ್ರಶ್ನೆ.

ಅಮ್ಮಾ, ಎರಡನೇ ಪುಟದ ಕೊನೆಗೆ ಸುಮ್ನೆ ಒಂದು ಸಾಲು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ಕ್ಲಾಸ್ ಟೀಚರ್ ಪಾಠದ ಮಧ್ಯೆ 'ಕೌನ್ಸೆಲಿಂಗ್‌ಗೆ ಯಾರ್ಯಾರು, ಏಳಿ' ಅಂತ ಹೆಸರು ಕೂಗ್ತಾರೆ, ಹಿಂದಿನ ಬೆಂಚಿಂದ 'ಪಾಗಲ್' ಅಂತ ಕೇಳುತ್ತೆ. ಅವನು ಯಾಕೆ ಹೋಗಲ್ಲ ಅನ್ನೋದಕ್ಕೆ ಇನ್ನೇನು ಕಾರಣ ಬೇಕು? ಹೊಟ್ಟೆನೋವಿನ ಹಿಂದೆ ಏನಿದೆ ಅಂತ ಕೌನ್ಸೆಲರ್ ನಿಧಾನಕ್ಕೆ ಕೇಳಿ ತಿಳಿಯಬೇಕು, ಆದರೆ ಅವರ ರೂಮಿಗೆ ಹೋಗುವುದೇ ಮರ್ಯಾದೆ ಪ್ರಶ್ನೆಯಾದರೆ ಹುಡುಗ ಬಾಯಿ ಬಿಡೋದು ಎಲ್ಲಿ?

2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್, 100 ಅಥವಾ ಅದಕ್ಕಿಂತ ಜಾಸ್ತಿ ಮಕ್ಕಳಿರುವ ಶಾಲೆ ಕಾಲೇಜುಗಳಲ್ಲಿ ಕೌನ್ಸೆಲರೋ ಮನಶ್ಶಾಸ್ತ್ರಜ್ಞರೋ ಸೋಷಿಯಲ್ ವರ್ಕರೋ ಒಬ್ಬರಾದರೂ ಇರಬೇಕು ಅಂದಿದೆ. ಶಿಕ್ಷಕರಿಗೂ ಉಳಿದ ಸಿಬ್ಬಂದಿಗೂ ವರ್ಷಕ್ಕೆ 2 ಸಲವಾದರೂ ಮಾನಸಿಕ ಆರೋಗ್ಯದ ಬಗ್ಗೆ ತರಬೇತಿ ಕೊಡಿ ಅಂತಲೂ ಹೇಳಿದೆ. ನಿಮ್ಮ ಶಾಲೆ ಮೊದಲನೆಯದನ್ನು ಮಾಡಿದೆ, ಎರಡನೆಯದನ್ನು ಮರೆತ ಹಾಗಿದೆ. ಆ ಟೀಚರ್ ಕೆಟ್ಟವರೇನಲ್ಲ, ಐವತ್ತು ಅರವತ್ತು ಮಕ್ಕಳನ್ನು ಸಂಭಾಳಿಸೋದು ಕಷ್ಟವೇ. ಹಾಗಂತ ಬಿಡೋಕಾಗಲ್ಲ.

ಶಾಲೆ ಬದಲಿಸಬೇಡಿ. ಹೊಸ ಶಾಲೆಯಲ್ಲೂ ಹೆಸರು ಕೂಗಿದರೆ ಏನು ಮಾಡ್ತೀರಿ? ಒಂದೇ ಕೆಲಸ ಮಾಡಿ. ಪ್ರಿನ್ಸಿಪಾಲರಿಗೆ ಪತ್ರ ಕೊಡಿ: ನನ್ನ ಮಗನನ್ನು ಕ್ಲಾಸಿನಲ್ಲಿ ಕೂಗಬೇಡಿ, ಶಾಲೆ ಬಿಟ್ಟ ಮೇಲೆ ಸಮಯ ಕೊಡಿ. ಇಂಗ್ಲಿಷ್ ಬರಲ್ಲ ಅಂತ ಸಂಕೋಚ ಬೇಡ, ಮರಾಠಿಯಲ್ಲೇ ಬರೆಯಿರಿ. ಇನ್ನೊಂದು ಪ್ರತಿಗೆ ಸಹಿ, ಸಿಕ್ಕಾ ಹಾಕಿಸಿಕೊಳ್ಳಿ. (ಈ ಅಂಕಣ ಓದುವವರಿಗೆ ಗೊತ್ತು, ಬಾಯಿಮಾತಿನ ದೂರಿಗೆ ನನ್ನ ಹತ್ತಿರ ಬೆಲೆ ಇಲ್ಲ.)

ಅಷ್ಟರೊಳಗೆ ರಾತ್ರಿ ಹೊತ್ತು ನಿಮಗೇ ದಿಗಿಲಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ದಿನದ 24 ಗಂಟೆಯೂ ಇರುತ್ತೆ. ನೀವು ಕನ್ನಡದಲ್ಲಿ ಮಾತಾಡಿ, ಮಗ ಬೇಕಾದರೆ ಮರಾಠಿಯಲ್ಲಿ ಮಾತಾಡಲಿ.

ಇನ್ನು ಆ ಸೋದರಮಾವ. ಹುಬ್ಬಳ್ಳಿಯಲ್ಲಿ ಕೂತು ಡೊಂಬಿವಲಿಯ ಹೊಟ್ಟೆನೋವಿಗೆ ಮದ್ದು ಹೇಳುವವರ ಮೇಲೆ ನನಗೆ ಒಂಚೂರೂ ಕನಿಕರವಿಲ್ಲ. ಅವರ ಫೋನ್ ಬಂದರೆ ಹುಡುಗನ ಕೈಗೆ ಕೊಡಬೇಡಿ.