11 ವರ್ಷದ ಮಗಳಿಗೆ ಒಸಿಡಿ. ಮನೆಯಲ್ಲಿ ನಾವೇನು ಮಾಡಬಹುದು?

ಮಗಳು ದಿನವಿಡೀ ಕೈ ತೊಳೀತಾಳೆ, ‘ಅಮ್ಮಾ, ಏನೂ ಆಗಲ್ಲ ಅಲ್ವಾ’ ಅಂತ ಕೇಳಿದ್ದನ್ನೇ ಕೇಳ್ತಾಳೆ, ಉತ್ತರ ಕೊಡದಿದ್ದರೆ ಅಳ್ತಾಳೆ, ಕೊಡಬೇಕಾ ಬೇಡವಾ ಅಂತ ಕೇಳಿದ್ದೀರಿ. ನಾನು ಡಾಕ್ಟರಲ್ಲ, ಶಿಡ್ಲಘಟ್ಟದ ಕಡೆ ರೇಷ್ಮೆ ಮಾಡೋನು. ನನ್ನ ಮಗನಿಗೆ ಇದೇ ಕಾಯಿಲೆ. ಒಸಿಡಿ ಅಂದರೆ ಬೇಡದ ಯೋಚನೆ ತಲೇಲಿ ಕೂತು, ಮಾಡಿದ್ದನ್ನೇ ಮತ್ತೆ ಮತ್ತೆ ಮಾಡಿಸೋ ಕಾಯಿಲೆ. ಶುರುವಾದಾಗ ಅವನಿಗೂ 11 ವರ್ಷ, ಈಗ 15.

ರೇಷ್ಮೆಯವರ ಮನೇಲಿ ಇದನ್ನ ಗುರುತು ಹಿಡಿಯೋದೇ ಕಷ್ಟ ನೋಡಿ. ಹುಳು ಮನೆಗೆ ಹೋಗೋರು ಕೈ ತೊಳೆಯಲೇಬೇಕು, ಬಾಗಿಲಲ್ಲಿ ಬ್ಲೀಚಿಂಗ್ ನೀರಲ್ಲಿ ಕಾಲು ಅದ್ದಲೇಬೇಕು. ಇಲ್ಲದಿದ್ದರೆ ಹಾಲುತೊಂಡೆಯೋ ಸಪ್ಪೆ ರೋಗವೋ ತಗುಲಿ, ಇನ್ನೇನು ಗೂಡು ಕಟ್ಟಬೇಕು ಅನ್ನೋವಾಗ ಬೆಳೆ ಗುಂಡಿಗೆ ಹೋಗುತ್ತೆ. ಹಾಗಾಗಿ ಹುಡುಗ ನಾಲ್ಕು ಸಲ ಸೋಪು ಹಾಕಿದಾಗ ನಮ್ಮಪ್ಪ, ‘ನೋಡ್ರಲಾ, ಇವನಿಗಿರೋ ಶಿಸ್ತು ನಿಮಗೈತಾ’ ಅಂತ ನಮ್ಮನ್ನೇ ಬೈದಿದ್ದರು. ಆಮೇಲೆ ಒಂದು ಬೆಳೆ ಹೋಯ್ತು. ‘ಯಾರೋ ಕಾಲು ತೊಳೀದೆ ಒಳಗೆ ಬಂದವ್ರೆ’ ಅಂತ ಯಾರೋ ಅಂದರು. ಅಲ್ಲಿಂದ ಮಗ ಹುಳು ಮನೆ ಕಡೆ ಹೋಗದ ದಿನವೂ ಬ್ಲೀಚಿಂಗ್ ನೀರಲ್ಲಿ ಕೈ ಅದ್ದೋಕೆ ಶುರು ಮಾಡಿದ. ಬೆರಳ ಸಂದಿಯೆಲ್ಲ ಬಿರಿದು ರಕ್ತ. ಮೊದಲು ಹೋಗಿದ್ದು ಚರ್ಮದ ಡಾಕ್ಟರ ಹತ್ತಿರ. ಮುಲಾಮು ಬರೆದುಕೊಟ್ಟರು. ಹಚ್ಚಿದ ಐದೇ ನಿಮಿಷಕ್ಕೆ ಅವನು ಅದನ್ನೂ ತೊಳೆದ! ನಮ್ಮಮ್ಮ ದೃಷ್ಟಿ ತೆಗೆದರು, ಅಂತ್ರ ಕಟ್ಟಿಸಿದರು. ನಾನು ಬೈದೆ, ‘ಸಾವಿರ ಅಡಿ ಕೊರೆಸಿದರೂ ನೀರಿಲ್ಲ, ನೀನು ಟ್ಯಾಂಕರ್ ಖಾಲಿ ಮಾಡ್ತೀಯ’ ಅಂತ. ಅದರಿಂದ ಅವನು ಕದ್ದು ತೊಳೆಯೋದು ಕಲಿತ, ಅಷ್ಟೇ.

ಕೊನೆಗೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋದೆವು. ಅಲ್ಲಿ ಮಕ್ಕಳಿಗೇ ಬೇರೆ ವಿಭಾಗ ಇದೆ. ನಾನು ಕೇಳಿದ ಮೊದಲ ಮಾತು, ‘ಆ ಬೆಳೆ ಹೋಗಿದ್ದಕ್ಕೆ ಹೀಗಾಯ್ತಾ ಸಾರ್?’ ಅಲ್ಲ ಅಂದರು. ಮೆದುಳು ಕೆಲಸ ಮಾಡೋ ರೀತಿ, ವಂಶದಿಂದ ಬರೋ ಒಲವು, ಇವೆಲ್ಲ ಸೇರಿ ಬರೋ ಕಾಯಿಲೆಯಂತೆ. ನಮ್ಮ ಮನೇಲಿ ಅದು ಹುಳುವಿನ ವೇಷ ಹಾಕಿತ್ತು. ಬೇರೆ ಮನೇಲಾದರೆ ಬಾಗಿಲು ಚಿಲಕವೋ, ಪುಸ್ತಕದ ಅಕ್ಷರವೋ, ದೇವರ ಫೋಟೋ ನೋಡಿದಾಗ ಬರೋ ಕೆಟ್ಟ ಯೋಚನೆಯೋ ಆಗಿರುತ್ತಿತ್ತು. ಈ ಕೊನೇದನ್ನ ಮಕ್ಕಳು ಬಾಯಿ ಬಿಡಲ್ಲ. ಇಷ್ಟು ಸಲ ಅಂತ ಎಣಿಸದಿದ್ದರೆ ಅಜ್ಜಿ ಸತ್ತುಹೋಗ್ತಾಳೆ ಅಂತ ತಲೇಲಿ ಬರ್ತಿತ್ತು ಅನ್ನೋದನ್ನ ನನ್ನ ಮಗ ಹೇಳೋಕೆ ವರ್ಷ ಬೇಕಾಯ್ತು. ಹಾಗೆ ಯೋಚನೆ ಬರೋದೇ ಬೇರೆ, ಹಾಗಾಗಲಿ ಅಂತ ಬಯಸೋದೇ ಬೇರೆ. ನಿಮ್ಮ ಮಗಳು ಅಂಥದ್ದೇನಾದರೂ ಹೇಳಿದರೆ ಬೆಚ್ಚಿಬೀಳಬೇಡಿ.

ಈಗ ನಿಮ್ಮ ಪ್ರಶ್ನೆ. ಮಗ ದಿನಕ್ಕೆ ನಲವತ್ತು ಸಲವಾದರೂ ‘ಅಪ್ಪಾ, ಹುಳಕ್ಕೆ ಏನೂ ಆಗಲ್ಲ ಅಲ್ವಾ’ ಅಂತಿದ್ದ. ‘ಆಗಲ್ಲ ಕಣೋ’ ಅಂದರೆ ಎರಡು ನಿಮಿಷ ಸಮಾಧಾನ, ಮತ್ತೆ ಅದೇ. ಹೆಂಡತಿ ಅವನಿಗೇ ಬೇರೆ ಟವಲು, ಬೇರೆ ಮಗ್ಗು ಇಟ್ಟಿದ್ದಳು, ಅವನ ಬದಲು ನಲ್ಲಿ ತಿರುಗಿಸ್ತಿದ್ದಳು. ಇದೆಲ್ಲ ಪ್ರೀತಿ ಅಂದುಕೊಂಡಿದ್ದೆವು. ಕೌನ್ಸೆಲಿಂಗ್ ಮಾಡಿದ ಮೇಡಂ ಮೆತ್ತಗೆ ಹೇಳಿದರು, ನೀವು ಸೊಪ್ಪು ಹಾಕ್ತಿರೋದು ಮಗನಿಗಲ್ಲ, ಕಾಯಿಲೆಗೆ ಅಂತ. ರೇಷ್ಮೆಯವನಿಗೆ ಆ ಮಾತು ಅರ್ಥವಾಗದೆ ಇರುತ್ತಾ?

ಹಾಗಂತ ಒಂದೇ ದಿನಕ್ಕೆ ಬಾಯಿ ಕಟ್ಟಿಕೊಂಡು ಕೂರಬಾರದು. ಮಗನಿಗೆ ಮೊದಲೇ ಹೇಳಿ, ಅವನನ್ನೂ ಕೂರಿಸಿಕೊಂಡು ತೀರ್ಮಾನ ಮಾಡಿದೆವು: ಒಂದು ಸಲ ಉತ್ತರ, ಆಮೇಲೆ ಇಲ್ಲ. ಎರಡನೇ ಸಲ ಕೇಳಿದರೆ, ‘ನಿನಗೆ ಭಯ ಆಗ್ತಿದೆ ಅಂತ ಗೊತ್ತು, ಇದನ್ನ ತಡ್ಕೊಳ್ಳೋ ಶಕ್ತಿ ನಿನಗಿದೆ ಅಂತಲೂ ಗೊತ್ತು.’ ಇಷ್ಟೇ ಮಾತು. ಕಾಯಿಲೆಗೊಂದು ಹೆಸರಿಡು ಅಂದರು ಮೇಡಂ. ಗೂಡಿನ ಮಾರ್ಕೆಟ್ ನೋಡಿ ಬೆಳೆದ ಹುಡುಗ, ‘ದಲ್ಲಾಳಿ’ ಅಂತಿಟ್ಟ. ಎಷ್ಟು ಕೊಟ್ಟರೂ ಸಾಲದು ಅನ್ನೋನು. ಆಮೇಲೆ ನಮ್ಮಮ್ಮನೂ ‘ದಲ್ಲಾಳಿ ಬಂದವ್ನೆ, ಅವನಿಗೆ ನಾನು ಜವಾಬು ಕೊಡಲ್ಲ ಕಂದಾ’ ಅನ್ನೋರು. ಮೊದಮೊದಲು ಅಮ್ಮನೇ ಗುಟ್ಟಾಗಿ ‘ಏನೂ ಆಗಲ್ಲ’ ಅಂತ ಕಿವೀಲಿ ಹೇಳಿ ಕೆಲಸ ಕೆಡಿಸ್ತಿದ್ದರು, ಅದು ಬೇರೆ ಕಥೆ. ಕೂಡು ಕುಟುಂಬವಾದರೆ ಎಲ್ಲರನ್ನೂ ಒಪ್ಪಿಸಿಯೇ ಶುರು ಮಾಡಿ.

ಮೊದಲ ವಾರ ನರಕ. ಕೇಳೋದು ಕಮ್ಮಿಯಾಗಲಿಲ್ಲ, ಜಾಸ್ತಿಯಾಯ್ತು. ಮೂರನೇ ರಾತ್ರಿ ಅವನು ಗೋಡೆಗೆ ತಲೆ ಚಚ್ಚಿಕೊಂಡಾಗ ನಾನು ಸೋತು ಉತ್ತರ ಕೊಟ್ಟೆ. ಮರುದಿನ ಮೇಡಂಗೆ ಫೋನು ಮಾಡಿದರೆ, ಅಷ್ಟು ದೊಡ್ಡ ಮೆಟ್ಟಿಲು ಹತ್ತಿಸಬೇಡಿ, ಚಿಕ್ಕದು ಮಾಡಿ ಅಂದರು. ಮೆಟ್ಟಿಲು ಅಂದರೆ, ಅವನ ಭಯಗಳನ್ನೆಲ್ಲ ಕಮ್ಮಿಯಿಂದ ಜಾಸ್ತಿಗೆ 0ಯಿಂದ 10ರ ಏಣಿಯಂತೆ ಬರೆದಿದ್ದೆವು. ಖಾಲಿ ಚಂದ್ರಿಕೆ (ಹುಳು ಗೂಡು ಕಟ್ಟೋ ಬಿದಿರಿನ ತಟ್ಟಿ) ಮುಟ್ಟಿ ಹತ್ತು ನಿಮಿಷ ಕೈ ತೊಳೆಯದೆ ಕೂರೋದು ಕೆಳಗಿನ ಮೆಟ್ಟಿಲು. ಭಯ ಏರುತ್ತೆ, ತೊಳೆಯದೆ ಕಾದರೂ ಏನೂ ಆಗಲ್ಲ ಅನ್ನೋದು ಮೈಗೇ ಗೊತ್ತಾಗ್ತಾ ಬರುತ್ತೆ. ಇದಕ್ಕೆ ಇಆರ್‌ಪಿ ಅಂತಾರೆ, ಈ ಕಾಯಿಲೆಗೆ ಮುಖ್ಯ ಚಿಕಿತ್ಸೆಯೇ ಇದು. ಕಲಿತವರ ಕೈಯಲ್ಲೇ ಶುರು ಮಾಡಿಸಿ, ಬಲವಂತ ಬೇಡ.

ನಿಜವಾಗಿ ಹುಳು ಮನೆಗೆ ಹೋಗುವಾಗ ಏನು ಮಾಡೋದು ಅಂತ ನಮಗೆ ತಲೆಬಿಸಿಯಾಗಿತ್ತು. ಅದಕ್ಕೆ ಮೇಡಂ ಸುಲಭದ ಲೆಕ್ಕ ಕೊಟ್ಟರು: ಪಕ್ಕದ ಮನೆ ರೇಷ್ಮೆಯವರು ಎಷ್ಟು ತೊಳೀತಾರೋ ಅಷ್ಟೇ. ಸೋಪು ಒಂದು ಸಲ, ಬ್ಲೀಚಿಂಗ್ ನೀರು ಒಂದು ಸಲ. ನಿಮ್ಮ ಮನೇಲೂ ಇದೇ ಅಳತೆ ಇಟ್ಟುಕೊಳ್ಳಬಹುದು, ಊಟಕ್ಕೆ ಮುಂಚೆ ಅವಳ ಓರಗೆಯ ಮಕ್ಕಳು ತೊಳೆಯೋವಷ್ಟು. ಮಡಿ-ಮೈಲಿಗೆ ಜಾಸ್ತಿ ಇರೋ ಮನೆಯಾದರೆ ದೊಡ್ಡವರೂ ಸ್ವಲ್ಪ ಸಡಿಲ ಮಾಡಿಕೊಳ್ಳಬೇಕಾಗುತ್ತೆ.

ಮಾತ್ರೆ ಬಗ್ಗೆ ಒಂದು ಮಾತು. ಕಾಯಿಲೆ ಜೋರಿದ್ದರೆ ಎಸ್‌ಎಸ್‌ಆರ್‌ಐ ಅನ್ನೋ ಗುಂಪಿನ ಮಾತ್ರೆ ಕೊಡ್ತಾರೆ. ಮಾತ್ರೆಯ ಪರಿಣಾಮ ಪೂರ್ತಿ ಕಾಣೋಕೆ 8ರಿಂದ 12 ವಾರ ಬೇಕಾಗಬಹುದು, 15 ದಿನಕ್ಕೆ ‘ಕೆಲಸ ಮಾಡ್ತಿಲ್ಲ’ ಅಂತ ನೀವೇ ನಿಲ್ಲಿಸಬೇಡಿ. ಶುರುವಿನ ವಾರಗಳಲ್ಲಿ ಮಗು ತುಂಬಾ ಚಡಪಡಿಸಿದರೆ, ಸಾಯೋ ಮಾತಾಡಿದರೆ ತಕ್ಷಣ ಡಾಕ್ಟರಿಗೆ ಹೇಳಿ. ಇನ್ನೊಂದು, ಇದೆಲ್ಲ ಗಂಟಲು ನೋವೋ ಜ್ವರವೋ ಬಂದ ಮೇಲೆ ರಾತ್ರೋರಾತ್ರಿ ಶುರುವಾಗಿದ್ದರೆ ಅದನ್ನೂ ಮರೆಯದೆ ತಿಳಿಸಿ.

ಬೆಂಗಳೂರಿಗೆ ಪದೇ ಪದೇ ಹೋಗೋಕೆ ಆಗದಿದ್ದರೆ ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ವಿಚಾರಿಸಿ. 14416ಕ್ಕೆ ಫೋನು ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ, ರಾತ್ರಿಯೂ ಸಿಗ್ತಾರೆ. ಶಾಲೆಯಲ್ಲಿ ಒಬ್ಬ ಟೀಚರಿಗಾದರೂ ಹೇಳಿಡಿ. ನನ್ನ ಮಗ ಪುಟ ಹರಿಯೋವರೆಗೂ ಉಜ್ಜಿ ಮತ್ತೆ ಬರೀತಿದ್ದ, ಅದನ್ನ ಸೋಮಾರಿತನ ಅಂದುಕೊಂಡು ಹೊರಗೆ ನಿಲ್ಲಿಸಿದ್ದರು.

ಪೂರ್ತಿ ಹೋಯ್ತಾ ಅಂದರೆ, ಇಲ್ಲ. ವರ್ಷದಲ್ಲಿ ಹೆಚ್ಚು ದಿನ ದಲ್ಲಾಳಿ ಕಾಣಲ್ಲ. ಈ ವರ್ಷ ಎಸ್ಸೆಸ್ಸೆಲ್ಸಿ ಟೆಸ್ಟು ಶುರುವಾದಾಗ ಮತ್ತೆ ಬಂದಿದ್ದ. ಬೀರುವಿನಲ್ಲಿದ್ದ ಆ ಏಣಿಯ ಹಾಳೆಯನ್ನ ನಾವು ಹುಡುಕೋಕೆ ಮುಂಚೆ ಅವನೇ ತೆಗೆದುಕೊಂಡು ಬಂದು, ‘ಅಪ್ಪಾ, ನಾಲ್ಕನೇ ಮೆಟ್ಟಿಲಿಂದ ಮಾಡೋಣ’ ಅಂದ.