ಮೂಡಿಗೆರೆ ಕಡೆ ಮಳೆಗಾಲದಲ್ಲಿ ಪೇಟೆ, ಕರೆಂಟು ನೆಚ್ಚಿಕೊಳ್ಳದೆ ಮನೆ ನಡೆಸೋಕೆ ಏನೇನು ಬೇಕು?

ಮೊದಲು ಗೋಬರ್ ಗ್ಯಾಸ್. ಸೋಲಾರ್ ಹಾಕಿಸಿ ಅಂತ ಎಲ್ಲರೂ ಹೇಳ್ತಾರೆ. ಜುಲೈ ಮೋಡದಲ್ಲಿ ಅದು ನಾಲ್ಕು ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜಿಗೆ ಸಾಕಾದರೆ ಪುಣ್ಯ. 2 ಘನ ಮೀಟರ್ ಗೋಬರ್ ಗ್ಯಾಸ್ ಸ್ಥಾವರಕ್ಕೆ ದಿನಕ್ಕೆ ಸುಮಾರು 50 ಕೆಜಿ ಸಗಣಿ, ಅಷ್ಟೇ ನೀರು ಬೇಕು. ನಾಲ್ಕೈದು ಜನರ ಅಡುಗೆ ಅದರಲ್ಲೇ ಆಗುತ್ತೆ. ಆದರೆ ಮಲೆನಾಡು ಗಿಡ್ಡ ಸಣ್ಣ ದನ, ಮೇಯಲು ಬಿಟ್ಟರೆ ಅರ್ಧ ಸಗಣಿ ಗುಡ್ಡದ ಪಾಲು. ಕೊಟ್ಟಿಗೆಯಲ್ಲಿ ನಿಜವಾಗಿ ಎಷ್ಟು ಸಿಗುತ್ತೆ ಅಂತ ಒಂದು ವಾರ ಅಳೆದು ನೋಡಿ, ಆಮೇಲೆ ಗುಂಡಿ ತೋಡಿ. ಥಂಡಿಗೆ ಗ್ಯಾಸ್ ಇಳಿಯುತ್ತೆ, ಹಾಗಾಗಿ ಒಣಸೌದೆಯೂ ಇರಲಿ.

ಕೋಳಿಯಲ್ಲಿ ಗಿರಿರಾಜ ಬೇಗ ತೂಕ ಬರುತ್ತೆ, ಕಾವಿಗೆ ಮಾತ್ರ ಕೂರಲ್ಲ. ಮರಿಗೆ ಪ್ರತಿಸಲ ಹೊರಗೆ ಹೋಗಬಾರದು ಅಂದರೆ ನಾಟಿ ಹೇಂಟೆಯೇ ಸರಿ. ಕೊಕ್ಕರೆ ರೋಗಕ್ಕೆ (ರಾಣಿಖೇತ್) ಲಸಿಕೆ ಹಾಕಿಸಿ, ಇಲ್ಲದಿದ್ದರೆ ಒಂದೇ ಸಲಕ್ಕೆ ಗೂಡು ಖಾಲಿ.

ಕಾಳಲ್ಲಿ ರಾಗಿ, ಹುರುಳಿ. ಅರಸೀಕೆರೆ ಕಡೆಯ ಹಗೇವು, ಅಂದರೆ ಕಾಳು ತುಂಬಿಡೋ ನೆಲದ ಗುಂಡಿ, ನಮ್ಮ ತೇವದ ಮಣ್ಣಿಗೆ ಆಗಿಬರಲ್ಲ. ಬೇಸಿಗೆ ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ, ಮುಚ್ಚಳ ಬಿಗಿಯಾದ ಡ್ರಮ್ಮಿಗೆ ತುಂಬಿ. ಹಲಸಿನ ತೊಳೆ ಉಪ್ಪುನೀರಿಗೆ ಹಾಕೋದು ಮೇ ತಿಂಗಳಲ್ಲೇ ಮುಗಿದಿರಲಿ.