ಮರಗೆಲಸದ ಗೆಳೆಯರಿಗೆ ‘ವುಡ್‌ಕಟರ್ಸ್ ಶಿರಾಜ್’ ವೈನ್ ಕೊಡಬೇಕು, ಜಾರುಮುಚ್ಚಳದ ಪೆಟ್ಟಿಗೆ ಮಾಡುವುದು ಹೇಗೆ?

ಒಳ್ಳೆಯ ಆಯ್ಕೆ. ಇದು ದಕ್ಷಿಣ ಆಸ್ಟ್ರೇಲಿಯಾದ ಬರೋಸಾ ಕಣಿವೆಯ ಟಾರ್ಬ್ರೆಕ್ ಕಂಪನಿಯ ವೈನ್, ಶಿರಾಜ್ ಎಂಬ ದ್ರಾಕ್ಷಿಯಿಂದ ಮಾಡಿದ ಕೆಂಪು ವೈನ್. ಕಂಪನಿ ಕಟ್ಟಿದವರು ಹಿಂದೆ ಸ್ಕಾಟ್ಲೆಂಡಿನ ಕಾಡಿನಲ್ಲಿ ಮರ ಕಡಿಯುವ ಕೆಲಸ ಮಾಡಿದ್ದರು, ಹೆಸರು ಅಲ್ಲಿಂದ ಬಂತು. ಕಡಿಯುವವನ ವೈನನ್ನು ಕೆತ್ತುವವರು ಕುಡಿಯುತ್ತೀರಿ, ಅಷ್ಟೇ ವ್ಯತ್ಯಾಸ.

ಮೊದಲು ಬಾಟಲಿ ಅಳೆಯಿರಿ, ಆಮೇಲೆ ಮರ ಮುಟ್ಟಿ. 750 ಮಿ.ಲೀ. ಬಾಟಲಿ ಸುಮಾರು 300 ಮಿ.ಮೀ. ಎತ್ತರವಿರುತ್ತದೆ. ಆದರೆ ಶಿರಾಜ್‌ಗೆ ಬಳಸುವ ಇಳಿಜಾರು ಭುಜದ ಬಾಟಲಿಗಳು ಹೊಟ್ಟೆ ದಪ್ಪ, 80 ಮಿ.ಮೀ. ದಾಟುವುದುಂಟು. ಒಳಗಿನ ಉದ್ದಕ್ಕೆ 10, ಅಗಲಕ್ಕೆ 6 ಮಿ.ಮೀ. ಸೇರಿಸಿಕೊಳ್ಳಿ.

ಹಲಗೆ 12 ಮಿ.ಮೀ., ಮುಚ್ಚಳ 6 ಮಿ.ಮೀ. ಇರಲಿ. ಪಕ್ಕದ ಹಲಗೆಗಳಲ್ಲಿ 6.5 ಮಿ.ಮೀ. ಅಗಲ, 5 ಮಿ.ಮೀ. ಆಳದ ಗ್ರೂವ್ (ಮುಚ್ಚಳ ಜಾರುವ ಉದ್ದನೆಯ ಕಾಲುವೆ) ಹೊಡೆಯಿರಿ. ಅದರ ಮೇಲೆ 6 ಮಿ.ಮೀ. ಅಂಚಾದರೂ ಉಳಿಯಬೇಕು, ಇಲ್ಲದಿದ್ದರೆ ಎಳೆಗುಂಟ ಸೀಳಿ ಬರುತ್ತದೆ.

ಮೂಲೆಗಳಿಗೆ ಡವ್‌ಟೇಲೇ (ಪಾರಿವಾಳದ ಬಾಲದಂತೆ ಅಗಲಿಸಿದ ಹಲ್ಲುಗಳು ಒಂದಕ್ಕೊಂದು ಕೂರುವ ಜೋಡಣೆ) ಹಾಕಿ, ನೋಡುವವರೆಲ್ಲ ಮರಗೆಲಸದವರು. ಹಲ್ಲಿನ ಓರೆ ಗಟ್ಟಿ ಮರಕ್ಕೆ 1:8 (8 ಮಿ.ಮೀ. ಉದ್ದಕ್ಕೆ 1 ಮಿ.ಮೀ.), ಮೆದು ಮರಕ್ಕೆ 1:6. ಹೆಚ್ಚಿನವರು ಎಡವುವುದು ಮುಂಭಾಗದ, ಅಂದರೆ ಮುಚ್ಚಳ ಹೊರಬರುವ ಕಡೆಯ ಹಲಗೆಯಲ್ಲಿ. ಮುಚ್ಚಳ ಅದರ ಮೇಲಿಂದ ಜಾರಬೇಕು, ಹಾಗಾಗಿ ಅದು ಉಳಿದವುಗಳಿಗಿಂತ 12.5 ಮಿ.ಮೀ. (ಗ್ರೂವ್ 6.5, ಮೇಲಿನ ಅಂಚು 6) ಕುಳ್ಳಗಿರಬೇಕು. ನಾಲ್ಕೂ ಹಲಗೆಗೆ ಒಂದೇ ಗುರುತು ಹಾಕಿ ಜೋಡಣೆ ಕೊರೆದು, ಆಮೇಲೆ ಮುಂಭಾಗದ್ದನ್ನು ಕತ್ತರಿಸಲು ಹೋದರೆ ಮೇಲಿನ ಪಿನ್ (ಜೋಡಣೆಯ ಹಲ್ಲು) ಅದರ ಜೊತೆ ಹೋಗುತ್ತದೆ. ಮೊದಲೇ ಕುಳ್ಳಗೆ ಕತ್ತರಿಸಿ, ಕೆಳಗಿನ ಅಂಚಿನಿಂದ ಗುರುತು ಹಾಕಿ. ಗ್ರೂವ್ ಮುಂದೆ ತೆರೆದೇ ಇರಲಿ, ಹಿಂದೆ ಜೋಡಣೆಯ ಗೆರೆಯಲ್ಲಿ ನಿಲ್ಲಲಿ. ಪೂರ್ತಿ ಓಡಿಸಿದರೆ ಹಿಂದಿನ ಮೂಲೆಯಲ್ಲಿ ಚೌಕ ತೂತು ಕಾಣುತ್ತದೆ.

ಅಂಟು ಹಚ್ಚುವಾಗ ಗ್ರೂವ್‌ನೊಳಗೆ ಮೇಣ ಉಜ್ಜಿದ ಪಟ್ಟಿಯೊಂದನ್ನು ಇಟ್ಟಿರಿ. ಹೊರಬಂದ ಅಂಟು ಅಲ್ಲಿ ಒಣಗಿತೆಂದರೆ ಉಳಿಯಿಂದ ಕೆರೆಯುತ್ತಾ ಕೂರಬೇಕು. ಮುಚ್ಚಳದ ಎಳೆ ಉದ್ದಕ್ಕೇ ಇರಲಿ, ಅಗಲದಲ್ಲಿ ಒಟ್ಟು 1 ಮಿ.ಮೀ. ಸಡಿಲ ಬಿಡಿ. ತೇವದ ದಿನಗಳಲ್ಲಿ ಮರ ಹಿಗ್ಗುವುದು ಆ ದಿಕ್ಕಿಗೇ. ತಳದ ಹಲಗೆಗೂ ಇದೇ ಮಾತು, ಅಥವಾ ಪ್ಲೈವುಡ್ ಹಾಕಿ ಚಿಂತೆ ಬಿಡಿ.

ಪಾಲಿಶ್ ಹೊರಗೆ ಮಾತ್ರ. ಒಳಗೆ ಲಿನ್ಸೀಡ್ ಎಣ್ಣೆ ಬಳಿದು ಮುಚ್ಚಿದರೆ ಆ ವಾಸನೆ ತಿಂಗಳಾದರೂ ಹೋಗದು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿ ಹೊತ್ತಿಕೊಳ್ಳುತ್ತದೆ. ಹರಡಿ ಒಣಗಿಸಿ. ಗ್ರೂವ್‌ಗೆ ಮೇಣ ಸಾಕು.

ಕುಡಿಯುವುದು ಯಂತ್ರಗಳೆಲ್ಲ ನಿಂತು, ಪ್ಲಗ್ ಕಿತ್ತ ಮೇಲೆ. ಬರೋಸಾ ಶಿರಾಜ್‌ನಲ್ಲಿ ಆಲ್ಕೋಹಾಲ್ ಹೆಚ್ಚು, ಶೇ. 14ರ ಮೇಲೆಯೇ ಇರುವುದು ಸಾಮಾನ್ಯ. 16ರಿಂದ 18 ಡಿಗ್ರಿ ಸೆಲ್ಸಿಯಸ್ ಹದ. ಸೆಖೆಯಿದ್ದರೆ ಇಪ್ಪತ್ತು ನಿಮಿಷ ಫ್ರಿಜ್‌ನಲ್ಲಿಡಿ. ಉಳಿದರೆ ಬಿಗಿಯಾಗಿ ಮುಚ್ಚಿ ಅಲ್ಲೇ ಇಟ್ಟು ಮೂರು ದಿನದೊಳಗೆ ಮುಗಿಸಿ.